ಸತ್ಯಾಂಶ: ಸದಸ್ಯರ ಸಂದೇಶಕ್ಕೆ ಗುಂಪಿನ ಅಡ್ಮಿನ್ ಜೈಲಿಗೆ ಹೋಗಬೇಕೇ?

ಗುಂಪಿನ ಸದಸ್ಯರು ಯಾವ ಆಕ್ಷೇಪಾರ್ಹ ಸಂದೇಶ ಹಾಕಿದರೂ ಅಡ್ಮಿನ್‌ಗೆ ಜೈಲು ಖಚಿತ ಎಂಬ ಫಾರ್ವರ್ಡ್ ಓದಿ, ಮುಂಬಯಿ, ಪುಣೆಗಳ ಕನ್ನಡ ಕ್ರೈಸ್ತ ಸಭೆಗಳ ವಾಟ್ಸ್‌ಆ್ಯಪ್ ಗುಂಪು ನಡೆಸುವ ಸ್ವಯಂಸೇವಕರು ಅಂಜುವುದು ಸಹಜ. ಆದರೆ ಅದು ನಿಜವಲ್ಲ. ಸಮಾನ ಉದ್ದೇಶ ಅಥವಾ ಪೂರ್ವಯೋಜಿತ ಸಂಚು ಇಲ್ಲದಿದ್ದರೆ, ಇನ್ನೊಬ್ಬರ ಸಂದೇಶಕ್ಕೆ ಅಡ್ಮಿನ್‌ರನ್ನು ಹೊಣೆಯಾಗಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ಕೇರಳ ಹೈಕೋರ್ಟಿನ 2022ರ ತೀರ್ಪೂ ಇದೇ ಜಾಡಿನದು. ಅಡ್ಮಿನ್ ತಾವೇ ಬರೆದದ್ದಕ್ಕೆ, ಫಾರ್ವರ್ಡ್ ಮಾಡಿದ್ದಕ್ಕೆ ಮಾತ್ರ ಈ ರಕ್ಷಣೆಯಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಜೈಲಿನ ಭಯದಲ್ಲಿ ಮರೆತುಹೋಗುವ ಹೊಣೆ: ಪ್ರಾರ್ಥನೆಗೆಂದು ರೋಗಿಯ ಹೆಸರು, ಕಾಯಿಲೆ, ಆಸ್ಪತ್ರೆಯ ವಾರ್ಡುಗಳನ್ನು ಗುಂಪಿಗೆ ಹಾಕುವ ಮುನ್ನ ಅವರ ಒಪ್ಪಿಗೆ ಕೇಳಲೇಬೇಕು, ಸಂಡೇ ಸ್ಕೂಲ್ ಮಕ್ಕಳ ಫೋಟೊಗಳಿಗೆ ತಂದೆತಾಯಿಯರ ಒಪ್ಪಿಗೆ ಬೇಕು. ಅನುಚಿತ ಸಂದೇಶ ಕಂಡರೆ, ಅದನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯವೂ ಅಡ್ಮಿನ್‌ಗೆ ಈಗ ಇದೆ.