ಲೆನ್ಸು ಗೇಣುದ್ದ, ರೂಲ್ಸು ಮಾರುದ್ದ

ಪ್ರೊಫೆಶನಲ್ ಫೋಟೋಗ್ರಾಫರ್ ಅಂದರೆ ಯಾರು ಎಂದು ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಕೇಳಿ ನೋಡಿ, ತಡವರಿಸುತ್ತಾರೆ. ಪ್ರವಾಸಿ ತಾಣದ ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವರಿಗೆ ಮಾತ್ರ ಆ ಅನುಮಾನ ಇಲ್ಲ. ಯಾರ ಕ್ಯಾಮೆರಾದ ಮೂತಿ ಒಂದು ಗೇಣಿಗಿಂತ ಮುಂದೆ ಚಾಚಿದೆಯೋ ಅವನು ಪ್ರೊಫೆಶನಲ್ಲು. ಗೇಣಿನೊಳಗೆ ಅಡಗಿದ್ದರೆ ಫ್ಯಾಮಿಲಿ ಮನುಷ್ಯ, ಪಾಪ, ಒಳಗೆ ಬಿಡಿ. ಅಳತೆಪಟ್ಟಿ ಬೇಡ, ಸುತ್ತೋಲೆ ಬೇಡ. ಬಲಗೈಯ ಹೆಬ್ಬೆರಳು, ಕಿರುಬೆರಳು ನೆಟ್ಟಗಿದ್ದರೆ ಸಾಕು.

2007ರಲ್ಲಿ ಬಂದ ನಿಕಾನ್ ಡಿ3 ಆ ಕಾಲದ ಕ್ರೀಡಾ ಫೋಟೋಗ್ರಾಫರುಗಳ ಪಟ್ಟದಾನೆ. 12 ಮೆಗಾಪಿಕ್ಸೆಲ್ಲು. ಇವತ್ತು ಯಾರದೋ ಪ್ಯಾಂಟಿನ ಜೇಬಿನಲ್ಲಿ ಬೆಚ್ಚಗೆ ಕೂತಿರುವ ಮೊಬೈಲು 200 ಮೆಗಾಪಿಕ್ಸೆಲ್ಲು, 8ಕೆ ವಿಡಿಯೊ, ಹತ್ತು ಪಟ್ಟು ಜೂಮು. ಮೊಬೈಲಿಗೆ "ಹೋಗಿ ಹೋಗಿ". ಡಿ3ಗೆ "ನಿಲ್ಲಿ ಸಾರ್". (ಮೆಗಾಪಿಕ್ಸೆಲ್ ಎಣಿಸಿ ಚಿತ್ರದ ಗುಣ ಹೇಳುವುದೂ ಕುಕ್ಕರಿನ ಲೀಟರು ನೋಡಿ ಸಾರಿನ ರುಚಿ ಹೇಳಿದ ಹಾಗೆಯೇ. ಆದರೆ ಗೇಣು ಹಾಕುವವರ ಮುಂದೆ ಆ ವಾದ ಎತ್ತಿದರೆ ಮೊಬೈಲನ್ನೂ ಕಸಿದುಕೊಂಡಾರು.)

ಹಾಗಾಗಿ ಶನಿವಾರ, ಭಾನುವಾರ ಕ್ಯಾಮೆರಾ ಹೊತ್ತು ಊರೂರು ತಿರುಗುವವರು ಕಲಿಯಬೇಕಾದ ಮೊದಲ ಪಾಠ ಕ್ಯಾಮೆರಾವನ್ನು ಬಡವಾಗಿ ಕಾಣಿಸುವುದು. 70-200 ಎಂಎಂ ಎಂಬ ಉದ್ದನೆಯ ಲೆನ್ಸಿನ ಹುಡ್ಡನ್ನು (ಮೂತಿಗೆ ತೊಡಿಸುವ ನೆರಳುಕೊಳವೆ) ಹಿಂದುಮುಂದಾಗಿ ತಿರುಗಿಸಿ ಹಾಕಿದರೆ ನಾಲ್ಕು ಬೆರಳು ಉಳಿಯುತ್ತದೆ. ಆ ಲೆನ್ಸನ್ನೇ ಬ್ಯಾಗಿನ ತಳಕ್ಕೆ ಹಾಕಿ, 50 ಎಂಎಂ ಎಫ್ 1.8 ಎಂಬ ಲಿಂಬೆಹಣ್ಣಿನ ಗಾತ್ರದ ಲೆನ್ಸು ಸಿಕ್ಕಿಸಿಕೊಂಡರೆ ಅರ್ಧ ಗೇಟು ದಾಟಿದಂತೆ. ಬಿಳಿ ಲೆನ್ಸಿನವರ ಪಾಡು ಮಾತ್ರ ಯಾರಿಗೂ ಬೇಡ. ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ದೊಡ್ಡ ಲೆನ್ಸು ಕಾದು ಒಳಗಿನ ಗಾಜಿನ ಹೊಂದಾಣಿಕೆ ತಪ್ಪದಿರಲಿ ಎಂದು ಕಂಪನಿಯವರು ಬಿಳಿ ಬಣ್ಣ ಬಳಿದರು. ಗೇಟಿನಲ್ಲಿ ಅದರ ಅರ್ಥ ಒಂದೇ: "ಟಿವಿಯವರು ಬಂದ್ರು."

"ಸಾರ್, ಇದಕ್ಕೆ ಪರ್ಮಿಶನ್ ಬೇಕು."

"ಎಲ್ಲಿ ಕೊಡ್ತಾರೆ ಅಣ್ಣ?"

"ಆಫೀಸಲ್ಲಿ."

"ಆಫೀಸು ಎಷ್ಟೊತ್ತಿಗೆ ತೆಗೀತಾರೆ?"

"ಇವತ್ತು ಭಾನುವಾರ ಅಲ್ವಾ ಸಾರ್. ಸೋಮವಾರ ಬನ್ನಿ."

ವೀಕೆಂಡ್ ತಾಣ ಎಂದು ಜಾಹೀರಾತು ಕೊಡುವುದು ವೀಕೆಂಡಿಗೆ. ಜನ ಬರುವುದು ವೀಕೆಂಡಿಗೆ. ಅನುಮತಿ ಪತ್ರಕ್ಕೆ ಸೀಲು ಒತ್ತುವ ಸಾಹೇಬರು ಮನೆಯಲ್ಲಿರುವುದೂ ವೀಕೆಂಡಿಗೇ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ, ಭಾನುವಾರ ಹೇಗೂ ರಜೆ. ಸೋಮವಾರ ಹೋದರೆ ಸಾಹೇಬರು ಮೀಟಿಂಗಿನಲ್ಲಿ.

ನ್ಯಾಯ ಹೇಳುವುದಾದರೆ ಟ್ರೈಪಾಡಿನ ತಕರಾರಿನಲ್ಲಿ ಅರ್ಥವಿದೆ. ಕಾಲಿಗೆ ಕಬ್ಬಿಣದ ಮೊಳೆ ಇರುವ ಟ್ರೈಪಾಡು ಒಂಬೈನೂರು ವರ್ಷದ ಕಲ್ಲಿನ ನೆಲಕ್ಕೆ ಗೀರು ಹಾಕುತ್ತದೆ, ಕತ್ತಲ ಮಂಟಪದಲ್ಲಿ ಯಾರದೋ ಅಜ್ಜಿ ಎಡವುತ್ತಾರೆ. ಅದಕ್ಕೇ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮುಂಚಿತ ಅನುಮತಿ ಬೇಕು. ಅದೇ ಇಲಾಖೆ 2018ರ ಜುಲೈನಲ್ಲಿ ಅಜಂತಾ, ಲೇಹ್ ಅರಮನೆ, ತಾಜ್‌ಮಹಲಿನ ಗೋರಿಯ ಕೋಣೆ ಬಿಟ್ಟು ಉಳಿದ ಕಡೆ ಫೋಟೋ ತೆಗೆಯಲು ಅಡ್ಡಿಯಿಲ್ಲ ಎಂದೂ ಹೇಳಿತು. ಆ ಮಾತು ದೆಹಲಿಯಿಂದ ಹೊರಟಿದೆ. ಕೆಲವು ಗೇಟುಗಳಿಗೆ ಇನ್ನೂ ತಲುಪಿಲ್ಲ, ದಾರಿಯಲ್ಲಿ ಎಲ್ಲೋ ಊಟಕ್ಕೆ ನಿಲ್ಲಿಸಿರಬೇಕು.

ಬೇಲೂರಿನ ದೇವಸ್ಥಾನದ ನವರಂಗವನ್ನೇ, ಅಂದರೆ ಒಳಮಂಟಪವನ್ನೇ ತೆಗೆದುಕೊಳ್ಳಿ. ಕಲ್ಲಿನ ಚೆಲುವೆಯರಾದ 42 ಮದನಿಕೆಯರಲ್ಲಿ ನಾಲ್ವರು ಒಳಗೆ, ನಡುಚಾವಣಿಯ ಸುತ್ತ ಇದ್ದಾರೆ. ಬೆಳಕು ಅಷ್ಟಕ್ಕಷ್ಟೆ. ಕೈಯಲ್ಲಿ ಹಿಡಿದು ಹೊಡೆದರೆ ಮದನಿಕೆಗೆ ಎರಡು ಮೂಗು. ಟ್ರೈಪಾಡು ಇಲ್ಲದೆಯೂ ಕೆಲಸ ಆಗುತ್ತದೆ: ಜನ ಕಡಿಮೆ ಇರುವಾಗ ಅಗಲ ಕೋನದ ಲೆನ್ಸು ಹಾಕಿ, ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು) 8, ಎರಡು ಸೆಕೆಂಡಿನ ಟೈಮರು. ಬಟನ್ ಒತ್ತಿ ಕೈ ತೆಗೆಯಿರಿ, ಅಲುಗಾಟದ ಪ್ರಶ್ನೆಯೇ ಇಲ್ಲ. ಆಗುವ ಯಡವಟ್ಟು ಎರಡು. ಒಂದು, "ಯಾರೋ ಕ್ಯಾಮೆರಾ ಬಿಟ್ಟು ಹೋಗಿದಾರೆ" ಎಂದು ಒಬ್ಬ ಪುಣ್ಯಾತ್ಮ ಅದನ್ನು ಎತ್ತಿಕೊಂಡು ಆಫೀಸಿಗೆ ಹೊರಡುತ್ತಾನೆ. ಎರಡು, ಚಿತ್ರದ ನಾಲ್ಕೂ ಮೂಲೆಯಿಂದ ನಾಲ್ಕು ತಲೆ ಬಗ್ಗಿ ಲೆನ್ಸಿನೊಳಗೆ ಇಣುಕುತ್ತವೆ.

ಹೊರಗೋಡೆಯ ಸಾಲುಶಿಲ್ಪಕ್ಕೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸು ಬೇಕೆಂದರೆ ಬಟ್ಟೆ ಚೀಲದಲ್ಲಿ ಒಂದು ಕೆಜಿ ಹುರುಳಿ ತುಂಬಿಕೊಂಡು ಹೋಗಿ. ಅದನ್ನು ಮಂಡಿಯ ಮೇಲೋ ಸ್ವಂತ ಬ್ಯಾಗಿನ ಮೇಲೋ ಇಟ್ಟು (ಶಿಲ್ಪದ ಮೇಲಲ್ಲ, ದಯವಿಟ್ಟು) ಲೆನ್ಸು ಊರಿದರೆ ಕೈಯ ನಡುಕ ಎಷ್ಟೋ ತಗ್ಗುತ್ತದೆ. ಅಕ್ಕಿ ಬೇಡ, ಹಿಟ್ಟು ಉದುರಿ ಲೆನ್ಸಿನ ತಿರುಗುಬಳೆಗೆ ಸೇರುತ್ತದೆ. ಅಪಾಯ ಒಂದೇ: ಬ್ಯಾಗ್ ತಪಾಸಣೆಯಲ್ಲಿ ಸೆಕ್ಯುರಿಟಿಯವರು ಚೀಲ ಅಮುಕಿ ನೋಡಿ, "ಒಳಗೆ ಅಡುಗೆ ಮಾಡಂಗಿಲ್ಲ ಸಾರ್" ಎನ್ನುತ್ತಾರೆ.

ಹಂಪಿಯ ಕಲ್ಲಿನ ರಥದ ಮುಂದೆ ಈ ಚಿಂತೆಯೇ ಇಲ್ಲ. ಅಲ್ಲಿ ತೆಗೆಯುವ ಫೋಟೋ ಒಂದೇ. ಹೊಸ 50 ರೂಪಾಯಿ ನೋಟನ್ನು ಕೈಯಲ್ಲಿ ಚಾಚಿ ಹಿಡಿದು, ನೋಟಿನ ರಥವನ್ನು ಅಸಲಿ ರಥದ ಪಕ್ಕ ಕೂರಿಸುವುದು. ಈ ಚಿತ್ರ ಹತ್ತರಲ್ಲಿ ಎಂಟು ಸಲ ಕೆಡುತ್ತದೆ. ಮೊಳದೂರದ ನೋಟೂ ಮೂವತ್ತು ಮೀಟರ್ ಆಚೆಯ ರಥವೂ ಒಟ್ಟಿಗೆ ಸ್ಪಷ್ಟ ಬರಬೇಕೆಂದರೆ ಅಗಲ ಲೆನ್ಸಿನಲ್ಲಿ ಎಫ್ 16 ಬೇಕು. ಇವರು ಮೊಬೈಲಿನ ಪೋರ್ಟ್ರೇಟ್ ಮೋಡಿನಲ್ಲಿ ಹೊಡೆಯುತ್ತಾರೆ, ಮೊಬೈಲು ಶ್ರದ್ಧೆಯಿಂದ ರಥವನ್ನು ಮಸುಕು ಮಾಡಿಕೊಡುತ್ತದೆ. ಕೊನೆಗೆ ಉಳಿಯುವುದು ಐವತ್ತು ರೂಪಾಯಿಯ ಫೋಟೋ. ಅದನ್ನು ಮನೆಯಲ್ಲೇ ತೆಗೆಯಬಹುದಿತ್ತು.

ಬೆಟ್ಟಗಳ ವಿಷಯ ಹೆಚ್ಚು ಹೇಳುವುದಕ್ಕಿಲ್ಲ. ನಂದಿಬೆಟ್ಟದ ಸೂರ್ಯೋದಯವನ್ನು ಬಹುಪಾಲು ಜನ ನೋಡುವುದು ತಿರುವಿನಲ್ಲಿ ನಿಂತ ಕಾರಿನ ರಿಯರ್‌ವ್ಯೂ ಕನ್ನಡಿಯಲ್ಲಿ. ಹಾಗೂ ಹೀಗೂ ತುದಿ ತಲುಪಿದವರು ಎಸಿ ಕಾರಿನಿಂದ ಕ್ಯಾಮೆರಾ ತೆಗೆದ ಕೂಡಲೇ ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಕೂತು, ಮಂಜು ಬೆಟ್ಟದ ಮೇಲಿದೆಯೋ ಲೆನ್ಸಿನ ಮೇಲಿದೆಯೋ ತಿಳಿಯದಾಗುತ್ತದೆ. ಬ್ಯಾಗಿನ ಜಿಪ್ಪು ಮುಚ್ಚಿಯೇ ಅರ್ಧ ಗಂಟೆ ಹೊರಗಿಟ್ಟರೆ ಈ ರಗಳೆ ಇಲ್ಲ. ಒಳ್ಳೆಯ ನೋಟ ಇರುವ ಅಂಚಿನಲ್ಲಿ ಮಾತ್ರ ಹೇಗೂ 'ಐ ಲವ್' ಎಂದು ಶುರುವಾಗುವ ಆಳೆತ್ತರದ ಅಕ್ಷರಗಳು ನಿಂತಿರುತ್ತವೆ. ಪ್ರೀತಿ ಅಡ್ಡ ಬಂದರೆ ಊರು ಕಾಣುವುದಾದರೂ ಹೇಗೆ?

ಆಟದ ಮೈದಾನದಲ್ಲೂ ಇದೇ ಗೇಣುಶಾಸ್ತ್ರ. ಕ್ರಿಕೆಟ್ ಟಿಕೆಟ್ಟಿನ ಹಿಂಬದಿಯ ಇರುವೆ ಅಕ್ಷರಗಳಲ್ಲಿ ಲೆನ್ಸು ಕಳಚುವ ಕ್ಯಾಮೆರಾ ನಿಷಿದ್ಧ ಎಂದಿರುತ್ತದೆ. ಪ್ರಸಾರದ ಹಕ್ಕು ಮಾರಿಕೊಂಡವರ ಕಾಳಜಿ ಅದು, ಇರಲಿ. ಆದರೆ ಮೇಲಿನ ಸ್ಟ್ಯಾಂಡಿನಿಂದ ಇಡೀ ಓವರನ್ನು ಮೊಬೈಲಿನಲ್ಲಿ ಲೈವ್ ಬಿಡುವ ಹುಡುಗನಿಂದ ಆ ಹಕ್ಕಿಗೆ ಏನೂ ಆಗುವುದಿಲ್ಲ. ಅವನ ಲೆನ್ಸು ಕಳಚುವುದಿಲ್ಲವಲ್ಲ.

ರಸ್ತೆ ಓಟದವರು ಎಷ್ಟೋ ವಾಸಿ, ಫೋಟೋ ತೆಗೆಯಿರಿ ಎಂದು ಕರೆಯುತ್ತಾರೆ. ಆದರೆ ಫಿನಿಶ್ ಗೆರೆಯ ಮೇಲೆ ಕ್ಯಾಮೆರಾ ಗುರಿಯಿಟ್ಟರೆ ಸಿಗುವುದು ನೆತ್ತಿಗಳ ಸಂಗ್ರಹ. ಗೆರೆ ದಾಟುವ ಕ್ಷಣದಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೈಗಡಿಯಾರ ನಿಲ್ಲಿಸುತ್ತಿರುತ್ತಾರೆ. ಗೆರೆಗೆ ಹತ್ತು ಮೀಟರ್ ಮೊದಲೇ ಹೊಡೆಯಿರಿ, ಅಲ್ಲಿ ಇನ್ನೂ ಮುಖ ಇರುತ್ತದೆ.

ಇನ್ನು ಕಂಬಳ. ಇಲ್ಲಿ ಗೇಟೂ ಇಲ್ಲ, ಗೇಣೂ ಇಲ್ಲ. ಅಳತೆ ಅಂದರೆ ಏನೆಂದು ತಿಳಿದವರ ಊರು ಇದು. ಕನೆಹಲಗೆ ಸ್ಪರ್ಧೆಯಲ್ಲಿ ಕರೆಯ (ಕೋಣ ಓಡುವ ಕೆಸರಿನ ಹಾದಿ) ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ಕೋಣಗಳು ಎಳೆಯುವ ಹಲಗೆಯಿಂದ ಚಿಮ್ಮಿದ ಕೆಸರುನೀರು ಬಟ್ಟೆಗೆ ಮುಟ್ಟಿತೋ, ಗೆದ್ದೆ. ಮುಟ್ಟಲಿಲ್ಲವೋ, ಹಲಗೆಯ ಬ್ರ್ಯಾಂಡು ಯಾವುದೆಂದು ಯಾರೂ ಕೇಳುವುದಿಲ್ಲ.

ಆದರೂ ಫೋಟೋ ಸುಲಭವಲ್ಲ. ರಾತ್ರಿಯಿಡೀ ಫ್ಲಡ್‌ಲೈಟಿನಲ್ಲಿ ಓಟ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಅದರಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, 1/1000 ಸೆಕೆಂಡು ಮಾತ್ರ ತೆರೆದು ಮುಚ್ಚುವ ಷಟರಿಗೆ ತಿಳಿಯುತ್ತದೆ. ಒಂದೇ ಓಟದ ಸಾಲು ಚಿತ್ರಗಳಲ್ಲಿ ಮೊದಲನೆಯದರ ಕೋಣ ಕಪ್ಪು, ಎರಡನೆಯದರದು ಕಂದು, ಮೂರನೆಯದರದು ತುಸು ಹಸಿರು. ಕ್ಯಾಮೆರಾದ ಮೆನುವಿನಲ್ಲಿ ಆಂಟಿ-ಫ್ಲಿಕರ್ ಎಂಬುದನ್ನು ಆನ್ ಮಾಡಿದರೆ ಬೆಳಕು ಏರಿದ ಕ್ಷಣಕ್ಕೆ ಕಾದು ಷಟರ್ ಬೀಳುತ್ತದೆ. ಓಟದ ನಡುವೆ ಫ್ಲ್ಯಾಶ್ ಹೊಡೆಯುವವರನ್ನು ಕೆಸರಿಗೇ ತಳ್ಳಬೇಕು. ಕೋಣ ಬೆದರಿದರೆ ಅದರ ಹಗ್ಗ ಹಿಡಿದವನ ಗತಿ ಏನು?

ಮಂಜೊಟ್ಟಿಯ, ಅಂದರೆ ಓಟ ಮುಗಿಯುವ ತುದಿಯ, ಬದಿಯಲ್ಲಿ ಕೂತು ಎದುರಿನಿಂದ ಹೊಡೆಯುವಾಗಿನ ಲೆಕ್ಕ ಇನ್ನೂ ಮಜಾ. 200 ಎಂಎಂ, ಎಫ್ 2.8, ದೂರ 20 ಮೀಟರು ಎಂದಿಟ್ಟುಕೊಂಡರೆ ಸ್ಪಷ್ಟವಾಗಿ ಬರುವ ಆಳ ಒಂದೂಮುಕ್ಕಾಲು ಮೀಟರಿನ ಆಸುಪಾಸು. ಕೋಣದ ಮೂತಿಯಿಂದ ಹಿಂದೆ ಓಡುವವನ ಮುಖಕ್ಕೆ ಅದಕ್ಕಿಂತ ಹೆಚ್ಚು ದೂರ. ಹಾಗಾಗಿ ಕೋಣದ ರೆಪ್ಪೆಕೂದಲು ಎಣಿಸಬಹುದು, ಓಡಿಸಿದವ ಮಾತ್ರ ಮಸುಕು. ಕೋಣದ ಯಜಮಾನರಿಗೆ ಮಹಾ ಸಂತೋಷ, ಓಡಿಸಿದವನ ತಾಯಿಗೆ ಬೇಸರ. ಇಬ್ಬರನ್ನೂ ಒಲಿಸಲು ಎಫ್ 5.6ಕ್ಕೆ ಹೋದರೆ ಐಎಸ್ಒ ನಾಲ್ಕು ಪಟ್ಟು ಏರಿ ಚಿತ್ರದ ತುಂಬ ರವೆಯಂಥ ಚುಕ್ಕಿ. ಇದೆಲ್ಲ ಹೊಂದಿಸಿಕೊಂಡು ಕೂತರೆ ಕೊನೆಯ ಎರಡು ಸೆಕೆಂಡಿನಲ್ಲಿ ಮುಂದಿನಿಂದ ಹದಿನೈದು ಮೊಬೈಲು ಏಕಕಾಲಕ್ಕೆ ಮೇಲೇಳುತ್ತವೆ. ನಿಂತು ಎತ್ತರಕ್ಕೆ ಸ್ಪರ್ಧಿಸಬೇಡಿ. ಕುಕ್ಕರಗಾಲಲ್ಲಿ ಕೂತು, ಮೊಣಕೈಗಳ ಸಂದಿಯಲ್ಲಿ ಹೊಡೆಯಿರಿ. ಕೆಸರು ಹಾರಿ ಲೆನ್ಸಿಗೆ ಬಿದ್ದರೆ ಲುಂಗಿಯ ತುದಿಯಿಂದ ಉಜ್ಜಬಾರದು, ಅದರೊಳಗಿನ ಮರಳು ಗಾಜಿನ ಲೇಪ ಕೆರೆಯುತ್ತದೆ. ಮೊದಲು ರಬ್ಬರಿನ ಬ್ಲೋವರಿನಿಂದ ಊದಿ, ಆಮೇಲೆ ಹನಿ ನೀರು, ಕೊನೆಗೆ ಬಟ್ಟೆ. ಬಾಡಿಗೆ ಲಾಡ್ಜಿನ ಶವರ್ ಕ್ಯಾಪು ಹೊದಿಸಿದರೆ ಸಾಕು, ಸಾವಿರಾರು ರೂಪಾಯಿಯ ರೇನ್ ಕವರು ಬೇಡ.

ಕರೆಯ ಪಕ್ಕದವರಿಗೆ ತಿಳಿದ ಅಳತೆ ಹೊರಗಿನವರ ಕೈಗೆ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು 2020ರ ಫೆಬ್ರವರಿಯಲ್ಲಿ ದೇಶವೇ ನೋಡಿತು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದರು, 100 ಮೀಟರಿಗೆ 9.55 ಬಂತು. ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ 2009ರಲ್ಲಿ ಓಡಿದ್ದು 9.58. ಮುಗಿಯಿತು, ಜಗತ್ತಿನ ದಾಖಲೆ ಕೆಸರಿನಲ್ಲಿ ಬಿತ್ತು. ನಿಂತಲ್ಲಿಂದ ಗುಂಡಿನ ಸದ್ದಿಗೆ ಎದ್ದು ಓಡುವುದೂ ಎರಡು ಕೋಣಗಳ ವೇಗದ ಬೆನ್ನು ಹಿಡಿಯುವುದೂ ಒಂದೇ ಎಂದು ಭಾವಿಸಿ ಆಗಿನ ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಆ ಗಲಾಟೆಯಲ್ಲಿ ಅಳತೆಯ ಅರ್ಥ ತಿಳಿದಿದ್ದವರು ಗೌಡರೊಬ್ಬರೇ: ಕಂಬಳಕ್ಕೆ ಹಿಮ್ಮಡಿ, ಟ್ರ್ಯಾಕಿಗೆ ಮುಂಗಾಲು, ಎರಡೂ ಬೇರೆ ಎಂದು ಹೇಳಿ ಟ್ರಯಲ್ಸನ್ನು ನಯವಾಗಿ ನಿರಾಕರಿಸಿದರು. ಕೋಣಗಳನ್ನು ಟ್ರಯಲ್ಸಿಗೆ ಯಾರೂ ಕರೆಯಲಿಲ್ಲ.

ಎಲ್ಲ ಮುಗಿದ ಮೇಲೆ ಸಮಿತಿಯವರ ಫೋನು ಬರುತ್ತದೆ. "ಒಳ್ಳೆ ಫೋಟೋ ನಾಲ್ಕು ವಾಟ್ಸ್ಯಾಪ್ ಮಾಡಿ ಮಾರಾಯ್ರೆ, ನಿಮ್ಮ ಹೆಸರು ಹಾಕ್ತೇವೆ." 45 ಮೆಗಾಪಿಕ್ಸೆಲಿನ ಚಿತ್ರ ವಾಟ್ಸ್ಯಾಪಿನ ಮಾಮೂಲಿ ದಾರಿಯಲ್ಲಿ ಹೋದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇಳಿಯುವುದಿಲ್ಲ. ಹಾಗೆ ಕಳಿಸಿದರೆ "ಓಪನ್ ಆಗ್ತಾ ಇಲ್ಲ, ಫೋಟೋ ಥರ ಕಳಿಸಿ" ಎಂಬ ಉತ್ತರ. ಅದನ್ನೇ ಸಮಿತಿಯವರು ಫ್ಲೆಕ್ಸ್ ಅಂಗಡಿಗೆ ಕೊಟ್ಟು 12 ಅಡಿ ಅಗಲಕ್ಕೆ ಎಳೆಸುತ್ತಾರೆ. 12 ಅಡಿ ಅಂದರೆ 144 ಇಂಚು, ಇಂಚಿಗೆ ಹನ್ನೊಂದು ಚುಕ್ಕಿ. ಚೌಕಾಬಾರದ ಮನೆಗಳೂ ಇದಕ್ಕಿಂತ ಒತ್ತೊತ್ತಾಗಿರುತ್ತವೆ.

ನಡುವೆ ಅಧ್ಯಕ್ಷರು ಕೈಮುಗಿದು ನಿಂತಿರುತ್ತಾರೆ. ಅವರದು ಸ್ಟುಡಿಯೋದಲ್ಲಿ ತೆಗೆಸಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಫೋಟೋ, ಮೀಸೆಯ ಒಂದೊಂದು ಎಳೆಯೂ ಸ್ಪಷ್ಟ. ಕೆಳಗೆ ಎಡಮೂಲೆಯಲ್ಲಿ 'ಚಿತ್ರಕೃಪೆ' ಎಂದಿದೆ, ಮುಂದಿನ ಹೆಸರಿನ ಮೇಲೆ ಕಂಬಕ್ಕೆ ಕಟ್ಟಿದ ಹಗ್ಗ ಬಂದಿದೆ. ಕೋಣ ಎಲ್ಲಿ ಎಂದು ಹುಡುಕಿದರೆ, ಅಧ್ಯಕ್ಷರ ಬಲಭುಜದ ಹಿಂದೆ ಕಪ್ಪಗೆ ಚೌಕ ಚೌಕವಾಗಿ ಕಾಣುತ್ತದಲ್ಲ, ಅದೇ.