ಸೇರುವ ಮುಂಚೆ ಇದನ್ನೊಂದು ಕೇಳಿ

ಸ್ಟಾರ್ಟಪ್‌ನಲ್ಲಿ ಕಲಿಯೋದು ಜಾಸ್ತಿ, ಚಿಕ್ಕ ವಯಸ್ಸಲ್ಲೇ ಸೇರಿಬಿಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕಲಿಯೋದು ನಿಜ. ನಾನು ಸೋಮವಾರಪೇಟೆ ಕಡೆಯವಳು. ಬೆಂಗಳೂರಿನ ಇಂಥದ್ದೇ ಒಂದು ಸಣ್ಣ, ಹೊಸ ಕಂಪನಿಯಲ್ಲಿ ಹನ್ನೊಂದು ತಿಂಗಳು ದುಡಿದೆ. ಸಂಬಳ ಕಡಿಮೆ, ಬದಲಿಗೆ ಕಂಪನಿಯ ಷೇರು ಕೊಡ್ತೀವಿ ಅಂದಿದ್ದರು. ಇಂಥ ಷೇರು ಸಾಮಾನ್ಯವಾಗಿ 4 ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಸೇರುತ್ತದೆ. ಮೊದಲ ವರ್ಷ ತುಂಬದಿದ್ದರೆ ಏನೂ ಇಲ್ಲ. ಆಫರ್ ಲೆಟರ್‌ನಲ್ಲಿ ಅದೂ ಇತ್ತು, ನಾನು ಓದಿರಲಿಲ್ಲ.

ಕಂಪನಿಯ ದುಡ್ಡು ಮುಗಿಯಿತು ಅಂತ ನಮ್ಮನ್ನು ಕೆಲಸದಿಂದ ಕಳಿಸಿದಾಗ ಜನವರಿ. ಊರಲ್ಲಿ ಕಾಫಿ ಕೊಯ್ಲು. ಕಣದಲ್ಲಿ ಹಣ್ಣು ಹರಡುತ್ತಲೇ ಅಪ್ಪ ಕೇಳಿದರು, "ಎಷ್ಟು ತಿಂಗಳ ಸಂಬಳಕ್ಕೆ ದುಡ್ಡಿದೆ ಅಂತ ಸೇರುವಾಗ ಕೇಳಿದ್ಯಾ ಮಗಾ?" ಕೇಳಿರಲಿಲ್ಲ. ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರುವ ಮನೆಗೆ ತಿಂಗಳ ಸಂಬಳವೇ ಆಸರೆ ಅಲ್ವಾ? ಸ್ಟಾರ್ಟಪ್ ಸೇರುವವರೇ, ದಯವಿಟ್ಟು ನೀವು ಇದನ್ನು ಕೇಳಿ.