ನಡುಗುವ ನೆಲಕ್ಕಿಂತ ಕಡಿದ ಬರೆಯ ಭಯ ನನಗೆ ಜಾಸ್ತಿ

ಮಳೆಗಾಲದಲ್ಲಿ ಚೆಂಬು, ಸಂಪಾಜೆ, ಮಡಿಕೇರಿ ಕಡೆ ಎಲ್ಲಾದರೂ ಶೆಲ್ಫಿನ ಪಾತ್ರೆ ಅಲುಗಾಡಿದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಮೆಸೇಜ್ ಸುರಿಯಲು ಶುರು. ಕೊಡಗಿನ ಅಡಿಯಲ್ಲಿ ಜ್ವಾಲಾಮುಖಿ ಇದೆಯಂತೆ. ಇನ್ನೆರಡು ದಿನದಲ್ಲಿ ದೊಡ್ಡದು ಬರುತ್ತದಂತೆ. ವಯಸ್ಸಾದವರು ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ಗಾಬರಿಯಿಂದ ಫೋನ್ ಮಾಡುತ್ತಾರೆ. ಇದನ್ನು ನೋಡಿ ನೋಡಿ ಬೇಜಾರಾಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಜ್ವಾಲಾಮುಖಿಯ ವಿಷಯ ಮುಗಿಸಿಬಿಡುತ್ತೇನೆ. ಭಾರತದಲ್ಲಿ ಈಗ ಜೀವಂತ ಇರುವ ಜ್ವಾಲಾಮುಖಿ ಒಂದೇ, ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ. ನಮ್ಮ ಕಾಲಡಿ ಇರುವುದು ಬಹಳ ಹಳೆಯ, ತಣ್ಣಗಾದ ಗಟ್ಟಿ ಬಂಡೆ. ಭೂಕಂಪ ಇಂಥ ದಿನವೇ ಬರುತ್ತದೆ ಎಂದು ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಹಾಗೆ ಹೇಳುವ ಮೆಸೇಜ್ ಬಂದರೆ ಸುಮ್ನೆ ಅಳಿಸಿಬಿಡಿ.

ಹಾಗಂತ ನೆಲ ನಡುಗುವುದು ಸುಳ್ಳಲ್ಲ. 2022ರ ಜೂನ್ ಕೊನೆಯಲ್ಲಿ ಚೆಂಬು, ಸುಳ್ಯ ಭಾಗದಲ್ಲಿ ಮತ್ತೆ ಮತ್ತೆ ಕಂಪನ ಆಯಿತು. ನೆಲದೊಳಗಿಂದ ಗುಡುಗುಡು ಸದ್ದು ಬಂತು. ಜನ ಮನೆಯಿಂದ ಹೊರಗೆ ಓಡಿದರು. ಅವುಗಳ ತೀವ್ರತೆ ಹೆಚ್ಚೆಂದರೆ 3ರ ಆಸುಪಾಸು. ಈ ಲೆಕ್ಕದಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಅಂದರೆ 3ಕ್ಕೂ 6ಕ್ಕೂ ಮೂವತ್ತು ಸಾವಿರ ಪಟ್ಟು ವ್ಯತ್ಯಾಸ. ಗಟ್ಟಿ ನೆಲ ಎಂದು ಪೂರ್ತಿ ನಿಶ್ಚಿಂತೆಯಿಂದ ಇರುವುದೂ ತಪ್ಪೇ. 1993ರಲ್ಲಿ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯಲ್ಲಿ ದೊಡ್ಡ ಭೂಕಂಪ ಬರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಬೆಳಗಿನ ಜಾವ ಮಲಗಿದ್ದವರ ಮೇಲೆ ಮಣ್ಣು ಕಲ್ಲಿನ ಗೋಡೆ, ಭಾರದ ಚಾವಣಿ ಬಿದ್ದು ಸುಮಾರು ಹತ್ತು ಸಾವಿರ ಜನ ಹೋದರು. ನಮ್ಮ ಹಳೆಯ ಕಲ್ಲು ಗೋಡೆಯ ಮನೆಗಳನ್ನು ಒಮ್ಮೆ ಇಂಜಿನಿಯರಿಗೆ ತೋರಿಸುವುದು ಒಳ್ಳೆಯದು.

ಆದರೆ ನನ್ನ ನಿದ್ದೆ ಕೆಡಿಸುವುದು ಇದಲ್ಲ, ಮಳೆಗೆ ಕುಸಿಯುವ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು. ಎಚ್ಚರಿಕೆ ಕೇಳಿದರೆ ಏನು, ಕೇಳದಿದ್ದರೆ ಏನು ಎನ್ನುವುದಕ್ಕೆ ಮೊದಲು ದೂರದ ಎರಡು ಊರಿನ ಕತೆ ಹೇಳುತ್ತೇನೆ.

ಕೊಲಂಬಿಯಾದಲ್ಲಿ, ನಮ್ಮ ಹಾಗೆ ಕಾಫಿ ಬೆಳೆಯುವ ಬೆಟ್ಟಗಳ ಸೀಮೆಯಲ್ಲಿ, ನೆವಾಡೊ ಡೆಲ್ ರೂಯಿಸ್ ಎಂಬ ಜ್ವಾಲಾಮುಖಿ ಇದೆ. 1985ರ ನವೆಂಬರ್ 13ರ ರಾತ್ರಿ ಅದು ಸಿಡಿಯಿತು. ಸಿಡಿದದ್ದು ದೊಡ್ಡದೇನಲ್ಲ. ಆದರೆ ಆ ಬಿಸಿಗೆ ಮೇಲಿನ ಹಿಮ ಕರಗಿತು. ನೀರು, ಬೂದಿ, ಮಣ್ಣು, ಬಂಡೆ ಎಲ್ಲ ಸೇರಿ ಕಣಿವೆಯಲ್ಲಿ ಇಳಿಯಿತು. ಆರ್ಮೆರೊ ಪಟ್ಟಣಕ್ಕೆ ಆ ಕೆಸರು ಮುಟ್ಟಲು ಎರಡು ಗಂಟೆಗಿಂತ ಹೆಚ್ಚು ಹಿಡಿಯಿತು. ಎರಡು ಗಂಟೆ! ನಡೆದುಕೊಂಡು ಹೋಗಿದ್ದರೂ ಎತ್ತರದ ಜಾಗ ಸೇರಬಹುದಿತ್ತು. ಯಾವ ಊರಿಗೆ ಅಪಾಯ ಎಂದು ತೋರಿಸುವ ನಕ್ಷೆ ಒಂದು ತಿಂಗಳ ಮೊದಲೇ ತಯಾರಾಗಿತ್ತು. 1845ರಲ್ಲಿ ಅದೇ ಜಾಗಕ್ಕೆ ಅದೇ ಥರದ ಕೆಸರು ಬಂದಿತ್ತು. ಆ ಕೆಸರು ಒಣಗಿದ ನೆಲದ ಮೇಲೇ ಊರು ಕಟ್ಟಿದ್ದರು. ಅವತ್ತು ಸಂಜೆ ಬೂದಿ ಬಿದ್ದಾಗ ಜನರಿಗೆ ಸಿಕ್ಕಿದ ಸೂಚನೆ, ಮನೆಯಲ್ಲೇ ಶಾಂತವಾಗಿರಿ ಎಂದು. ಒಟ್ಟು 23 ಸಾವಿರದಷ್ಟು ಜನ ಸತ್ತರು. ಕೊಂದದ್ದು ಬೆಂಕಿಯಲ್ಲ, ಕೆಸರು.

ಇನ್ನೊಂದು ಕಡೆ ಇದಕ್ಕೆ ಪೂರ್ತಿ ಉಲ್ಟಾ ಆಯಿತು. ಸುಮಾತ್ರಾ ಪಕ್ಕದ ಸಿಮೆಲು ದ್ವೀಪ. 1907ರಲ್ಲಿ ಅಲ್ಲಿ ಸುನಾಮಿ ಬಂದು ತುಂಬಾ ಜನ ಹೋಗಿದ್ದರು. ಉಳಿದವರು ಅದನ್ನು ಮಕ್ಕಳಿಗೆ ಹಾಡಾಗಿ, ಕತೆಯಾಗಿ ಹೇಳುತ್ತಾ ಬಂದರು. ನೆಲ ಜೋರಾಗಿ ಅಲುಗಿ, ಸಮುದ್ರ ಹಿಂದಕ್ಕೆ ಸರಿದರೆ ಏನೂ ನೋಡದೆ ಗುಡ್ಡಕ್ಕೆ ಓಡು. ಅಷ್ಟೇ ಪಾಠ. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರ ಆ ದ್ವೀಪದ ಹತ್ತಿರವೇ ಇತ್ತು. ಕೆಲವು ಊರಿಗೆ ಹತ್ತು ನಿಮಿಷದೊಳಗೆ ಅಲೆ ಬಂತು. ಸೈರನ್ ಇರಲಿಲ್ಲ, ಫೋನ್ ಇರಲಿಲ್ಲ. ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು ಮಂದಿ. ಅದೇ ಅಲೆ ಸುಮಾರು ಎರಡು ಗಂಟೆ ಬಿಟ್ಟು ತಮಿಳುನಾಡಿನ ಕರಾವಳಿಗೆ ಬಂದಾಗ ನಮ್ಮವರು ಸಾವಿರ ಸಾವಿರ ಲೆಕ್ಕದಲ್ಲಿ ಹೋದರು, ನೆನಪಿದೆ ಅಲ್ವಾ?

ಈಗ ನಮ್ಮ ಊರಿಗೆ ಬನ್ನಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಏನಾದವು ಎಂದು ಯಾರಿಗೂ ಹೇಳಬೇಕಾಗಿಲ್ಲ. ಅದಕ್ಕೆ ಹಿಂದಿನ ತಿಂಗಳು ಸಣ್ಣ ಕಂಪನ ಆಗಿತ್ತು. ಎಷ್ಟೋ ಜನ ಇವತ್ತಿಗೂ ಎಲ್ಲದಕ್ಕೂ ಅದೇ ಕಾರಣ ಅನ್ನುತ್ತಾರೆ. ಆದರೆ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ ಬೊಟ್ಟು ಮಾಡಿದ್ದು ವಿಪರೀತ ಮಳೆಯನ್ನು ಮತ್ತು ರಸ್ತೆ, ಮನೆಗಳಿಗಾಗಿ ಇಳಿಜಾರು ಕಡಿದದ್ದನ್ನು. ಬರೆಯ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಇಲ್ಲ. ಮಳೆ ನೀರು ಇಳಿದು ಮಣ್ಣಿಗೂ ಬಂಡೆಗೂ ನಡುವೆ ತುಂಬಿಕೊಂಡರೆ ಹಿಡಿತವೂ ಇಲ್ಲ. ಆಮೇಲೆ 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. 2024ರಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ.

ಇಷ್ಟಾದರೂ ಬೇಸಿಗೆಯಲ್ಲಿ ಒಮ್ಮೆ ಸುತ್ತಾಡಿ ನೋಡಿ. ಗೋಡೆ ಥರ ನೆಟ್ಟಗೆ ಕಡಿದ ಕೆಂಪು ಬರೆ, ಕೆಳಗೆ ಹೊಸ ಸೈಟು, ಹೋಂಸ್ಟೇ. ಕೊಲ್ಲಿಗೆ, ಅಂದರೆ ಗುಡ್ಡದ ನೀರು ಇಳಿಯುವ ಹಳ್ಳಕ್ಕೆ, ಮಣ್ಣು ಹಾಕಿ ದಾರಿ ಮಾಡಿರುತ್ತಾರೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಭೂಕಂಪ ನಮ್ಮ ಕೈಯಲ್ಲಿಲ್ಲ. ಜೆಸಿಬಿ ನಮ್ಮ ಕೈಯಲ್ಲೇ ಇದೆ. ಮನೆ ಕಟ್ಟಬೇಡಿ ಎನ್ನುವುದಿಲ್ಲ, ಎಲ್ಲರಿಗೂ ಸೂರು ಬೇಕು. ಆದರೆ ಬರೆ ಕಡಿಯುವ ಮೊದಲು ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂದು ಪಕ್ಕದ ಮನೆಯ ಹಿರಿಯರನ್ನಾದರೂ ಕೇಳಿ. ಪಂಚಾಯಿತಿಯವರೂ ಕಡಿದ ಜಾಗವನ್ನು ಕಣ್ಣಾರೆ ನೋಡದೆ ಲೈಸೆನ್ಸ್ ಕೊಡಬಾರದು.

ಸಿಮೆಲುವಿನವರ ಹಾಗೆ ನಮ್ಮ ಮಕ್ಕಳ ಬಾಯಲ್ಲೂ ಕೆಲವು ಮಾತು ಇರಬೇಕು. ಇಳಿಜಾರಿನಲ್ಲಿ ಅಡ್ಡಕ್ಕೆ ಹೊಸ ಬಿರುಕು ಕಂಡರೆ ಹೇಳು. ಮರ, ಕರೆಂಟ್ ಕಂಬ ವಾಲಿದರೆ, ಇದ್ದಕ್ಕಿದ್ದಂತೆ ಬಾಗಿಲು ಹಾಕಲು ಬಾರದಿದ್ದರೆ ಹೇಳು. ಇಲ್ಲದ ಕಡೆ ನೀರು ಉಕ್ಕಿದರೆ ಹೇಳು. ಜೋರು ಮಳೆಯಲ್ಲೂ ಕೊಲ್ಲಿಯ ನೀರು ಒಮ್ಮೆಲೇ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿದೆ ಎಂದರ್ಥ, ಕಾಯಬೇಡ, ಹೊರಡು. ಕೊಲ್ಲಿಯ ದಾರಿಯಲ್ಲಿ ಕೆಳಕ್ಕೆ ಓಡಬೇಡ, ಪಕ್ಕಕ್ಕೆ, ಎತ್ತರಕ್ಕೆ ಓಡು. ಹಗಲು ಹೊತ್ತಿನಲ್ಲೇ ಸಂಬಂಧಿಕರ ಮನೆಗೋ ಪರಿಹಾರ ಕೇಂದ್ರಕ್ಕೋ ಹೋಗುವುದರಲ್ಲಿ ನಾಚಿಕೆ ಏನೂ ಇಲ್ಲ.

ಇದೆಲ್ಲ ಮನೆ ಯಜಮಾನರಿಗೆ ಮಾತ್ರ ಗೊತ್ತಿದ್ದರೆ ಸಾಲದು. ತೋಟದ ಕೆಲಸಗಾರರು ಇರುವ ಲೈನ್ ಮನೆಗಳು ಎಷ್ಟೋ ಕಡೆ ಬರೆಯ ಬುಡದಲ್ಲೇ ಇವೆ. ಅಲ್ಲಿ ಅಸ್ಸಾಂನಿಂದ ಬಂದವರಿದ್ದಾರೆ, ಇಲ್ಲಿನ ಬುಡಕಟ್ಟಿನ ಯರವರಿದ್ದಾರೆ. ಕನ್ನಡದ ಎಚ್ಚರಿಕೆ ಮೆಸೇಜ್ ಅವರಲ್ಲಿ ಅನೇಕರಿಗೆ ಓದಲು ಬರುವುದಿಲ್ಲ. ಅಸ್ಸಾಮಿ, ಬಂಗಾಳಿ, ಯರವ ಮಾತು ಚೆನ್ನಾಗಿ ಬಲ್ಲವರು ಈ ಬರಹ ನೋಡಿದರೆ, ಮೇಲಿನ ಎಚ್ಚರಿಕೆಯ ಮಾತುಗಳನ್ನು ನಿಮ್ಮ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಕಮೆಂಟಿನಲ್ಲಿ ಹಾಕಿ. ತೋಟ ಇರುವವರು ಅದನ್ನು ಈ ವಾರವೇ ಲೈನ್ ಮನೆಯವರ ಫೋನಿಗೆ ಕಳಿಸಿ, ಎದುರಿಗೆ ಕೂತು ಒಮ್ಮೆ ಕೇಳಿಸಿ.